ಮುಚ್ಚಿದ ರಕ್ತನಾಳಕ್ಕೆ ದಾರಿ ತೋರಿದ ಡಾ. ಚಾರ್ಲ್ಸ್ ಡಾಟರ್

ಲಕ್ವ ಹೊಡೆಯಿತೆಂದರೆ ಹಣೆಬರಹವೆಂದು ಕೈಚೆಲ್ಲುತ್ತಿದ್ದ ಕಾಲವೊಂದಿತ್ತು. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಿಗೂ ಆ ಅಸಹಾಯಕತೆ ಹೊಸದಲ್ಲ. ಈಗ ಮಿದುಳಿನ ದೊಡ್ಡ ರಕ್ತನಾಳದಲ್ಲಿ ಸಿಲುಕಿದ ಹೆಪ್ಪನ್ನು ತಲೆಬುರುಡೆ ತೆರೆಯದೆಯೇ ಹೊರಗೆಳೆಯಬಹುದಾಗಿದೆ. ತೊಡೆಯ ಸಂದಿನಿಂದ ತೂರಿಸುವ ಕ್ಯಾತಿಟರ್ ಎಂಬ ತೆಳು ಕೊಳವೆಯೇ ಇದರ ಸಾಧನ. ಚಿತ್ರ ತೆಗೆಯಲಷ್ಟೇ ಬಳಕೆಯಲ್ಲಿದ್ದ ಆ ಕೊಳವೆಯನ್ನು ಚಿಕಿತ್ಸೆಯ ಉಪಕರಣವಾಗಿಸಿದ ಧೀಮಂತ ಅಮೆರಿಕದ ವೈದ್ಯ ಡಾ. ಚಾರ್ಲ್ಸ್ ಡಾಟರ್.

ಡಾಟರ್ 1920ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಪದವಿ ಪಡೆದು, 1952ರಲ್ಲಿ, ತಮ್ಮ 32ನೇ ವಯಸ್ಸಿಗೇ ಒರೆಗಾನ್ ವೈದ್ಯಕೀಯ ಶಾಲೆಯ ಎಕ್ಸ್-ರೇ ವಿಭಾಗದ ಮುಖ್ಯಸ್ಥರಾದರು. ಉಪಕರಣಗಳನ್ನು ಸ್ವತಃ ರೂಪಿಸಿಕೊಳ್ಳುವ ಹವ್ಯಾಸ ಅವರದು. ಗಿಟಾರಿನ ತಂತಿಯೂ ಅವರ ಕೈಯಲ್ಲಿ ವೈದ್ಯಕೀಯ ಸಾಮಗ್ರಿಯಾಗುತ್ತಿತ್ತು.

1963ರಲ್ಲಿ ರೋಗಿಯೊಬ್ಬರ ರಕ್ತನಾಳದ ಚಿತ್ರ ತೆಗೆಯಲು ತೂರಿಸಿದ ಕೊಳವೆಯು ಮುಚ್ಚಿಹೋಗಿದ್ದ ನಾಳವನ್ನು ಅಕಸ್ಮಾತ್ತಾಗಿ ತೆರೆಯಿತು. ಈ ಆಕಸ್ಮಿಕದಲ್ಲಿ ಡಾಟರ್ ಹೊಸದೊಂದು ಚಿಕಿತ್ಸೆಯ ಸಾಧ್ಯತೆಯನ್ನು ಕಂಡರು.

ಪರೀಕ್ಷೆಯ ದಿನ ಬೇಗನೆ ಬಂತು. 82 ವರ್ಷದ ವೃದ್ಧೆಯೊಬ್ಬರ ಪಾದ ರಕ್ತಸಂಚಾರವಿಲ್ಲದೆ ಕೊಳೆಯತೊಡಗಿತ್ತು. ಕಾಲು ಕತ್ತರಿಸಲು ಆಕೆ ಒಪ್ಪಲಿಲ್ಲ. 1964ರ ಜನವರಿ 16ರಂದು ಡಾಟರ್, ಸಹೋದ್ಯೋಗಿ ಡಾ. ಮೆಲ್ವಿನ್ ಜಡ್ಕಿನ್ಸ್ ಜೊತೆಗೂಡಿ, ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ತೂರಿಸಿ ನಾಳವನ್ನು ಹಿಗ್ಗಿಸಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು. ಆ ವೃದ್ಧೆ ಕೊನೆಯವರೆಗೂ ತಮ್ಮ ಕಾಲ ಮೇಲೆಯೇ ನಡೆದಾಡಿದರು.

ಆದರೆ ಸ್ವದೇಶದ ಶಸ್ತ್ರವೈದ್ಯರಲ್ಲಿ ಅನೇಕರು ಅವರನ್ನು ಹುಚ್ಚನೆಂದು ಜರೆದರು. ಯೂರೋಪಿನ ವೈದ್ಯರು ಮಾತ್ರ ಈ ವಿಧಾನವನ್ನು ಸ್ವೀಕರಿಸಿ ಬೆಳೆಸಿದರು. 1977ರಲ್ಲಿ ಜ್ಯೂರಿಕ್‌ನ ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನು ಕ್ಯಾತಿಟರ್‌ನಿಂದ ಹೃದಯದ ರಕ್ತನಾಳವನ್ನು ತೆರೆದರು. ಹೆಪ್ಪು ಕರಗಿಸುವ ಔಷಧವನ್ನು ಕೊಳವೆಯ ಮೂಲಕ ನೇರವಾಗಿ ಹೆಪ್ಪಿನ ಬಳಿಗೇ ತಲುಪಿಸುವ ಪ್ರಯೋಗವನ್ನು 1974ರಲ್ಲಿ ಪ್ರಕಟಿಸಿದವರೂ ಡಾಟರ್ ಅವರೇ. 1978ರಲ್ಲಿ ನೊಬೆಲ್‌ಗೆ ಹೆಸರು ಸೂಚಿತವಾದರೂ ಪ್ರಶಸ್ತಿ ಒಲಿಯಲಿಲ್ಲ. ಕ್ಯಾನ್ಸರ್‌ನೊಂದಿಗೆ ಸೆಣಸುತ್ತಲೇ ಪರ್ವತಗಳನ್ನೇರಿದ ಈ ಛಲಗಾರ 1985ರ ಫೆಬ್ರವರಿ 15ರಂದು ನಿಧನರಾದರು.

ಮಿದುಳಿನ ಹೆಪ್ಪು ತೆಗೆಯುವ ಮೊದಲ ಸಾಧನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2004ರಲ್ಲಿ. ಅನುಮತಿ ದೊರೆತರೂ ಪ್ರಯೋಜನ ಸಾಬೀತಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ನೆದರ್ಲೆಂಡ್ಸ್‌ನಲ್ಲಿ 500 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸ್ವತಂತ್ರವಾಗಿ ಬದುಕುವಷ್ಟು ಚೇತರಿಸಿಕೊಂಡವರ ಪ್ರಮಾಣ ನೂರಕ್ಕೆ 19ರಿಂದ ಸುಮಾರು 33ಕ್ಕೆ ಏರಿತು.

ಈ ಚಿಕಿತ್ಸೆ ಸಾಮಾನ್ಯವಾಗಿ ಆರು ಗಂಟೆಯೊಳಗೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಫಲಿಸುತ್ತದೆ. ಆದರೂ ಕಳೆಯುವ ಪ್ರತಿ ನಿಮಿಷಕ್ಕೂ ಮಿದುಳು ಬೆಲೆ ತೆರುತ್ತದೆ. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಡಾಟರ್ ತೋರಿದ ದಾರಿಯ ಫಲ ಮಳವಳ್ಳಿಯ ರೋಗಿಗೂ ದಕ್ಕಬೇಕಾದರೆ ಮೊದಲು ಉಳಿಯಬೇಕಾದದ್ದು ಸಮಯ.