ನೀರಿನ ಅಳತೆ ಕಲಿಸಿದ ಡಾಕ್ಟರ್ ಲೀಲ್

ಬೇಸಿಗೆ ಬಂತಂದ್ರೆ ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಹುಡುಗರು ಹೊಲದ ಬಾವಿಗೆ ಈಜಾಕ ಹೋಗೋದು ಮೊದಲಿನಿಂದ ಇದ್ದದ್ದೇ. ಈಗ ಕೆಲವರು ತೋಟದ ಮನೆಯಲ್ಲೇ ಸಣ್ಣ ಈಜುಕೊಳ ಕಟ್ಟಿಸುತ್ತಿದ್ದಾರೆ. ಕಳೆದ ಬೇಸಿಗೆಯಲ್ಲಿ ನಾವು ಅಂಥದ್ದೊಂದು ಕೊಳಕ್ಕೆ ಇಳಿದ್ವಿ. ಹತ್ತೇ ನಿಮಿಷಕ್ಕೆ ಕಣ್ಣು ಕೆಂಪಾದವು, ಘಾಟು ಮೂಗಿಗೆ ಬಡೀತು. ಕ್ಲೋರಿನ್ ಜಾಸ್ತಿ ಆಗ್ಯದ ಅಂತ ಎಲ್ಲರೂ ತೀರ್ಪು ಕೊಟ್ವಿ. ಕಿಟ್ ತಂದು ಪರೀಕ್ಷೆ ಮಾಡಿದ್ರೆ ಕೆಲಸಕ್ಕೆ ಬರುವ ಕ್ಲೋರಿನ್ ಹೆಚ್ಚುಕಮ್ಮಿ ಸೊನ್ನೆ! ಬೆವರು, ಮೂತ್ರದ ಜೊತೆ ಸೇರಿ ಅದು ಕ್ಲೋರಮೈನ್ ಆಗಿತ್ತು. ಆ ಘಾಟು ಅದರದ್ದು.

ಅಳೆಯದೆ ಮಾತಾಡಬಾರದು ಅಂತ ಅವತ್ತು ಕಲಿತ್ವಿ. ಇದೇ ಅಳತೆಯನ್ನು ನಂಬಿ ಒಂದು ನಗರವನ್ನೇ ಕಾಯ್ದವರು ಡಾ. ಜಾನ್ ಲೀಲ್. ನೀರು ಸರಬರಾಜಿನ ಎಂಜಿನಿಯರುಗಳಿಗೆ ಪರಿಚಿತ ಹೆಸರು.

ಲೀಲ್ ಹುಟ್ಟಿದ್ದು 1858ರಲ್ಲಿ, ನ್ಯೂಯಾರ್ಕ್ ರಾಜ್ಯದ ಆಂಡಿಸ್ ಎಂಬ ಸಣ್ಣ ಊರಲ್ಲಿ. ತಂದೆಯೂ ವೈದ್ಯರು. ಅಮೆರಿಕದ ಅಂತರ್ಯುದ್ಧದಲ್ಲಿ ಸೇನೆಯ ಜೊತೆಗಿದ್ದಾಗ ಅವರಿಗೆ ಆಮಶಂಕೆ ಅಂಟಿತು. ಅದು ಬಿಡಲೇ ಇಲ್ಲ. ವರ್ಷಗಟ್ಟಲೆ ನರಳಿ 1882ರಲ್ಲಿ ತೀರಿಕೊಂಡರು. ಕೆಟ್ಟ ನೀರು ಮನುಷ್ಯನನ್ನು ಹೇಗೆ ತಿನ್ನುತ್ತದೆ ಅನ್ನೋದನ್ನ ಮಗ ಮನೆಯಲ್ಲೇ ಕಂಡಿದ್ದರು.

ಎರಡು ವರ್ಷಕ್ಕೆ ಅವರೂ ವೈದ್ಯರಾದರು. ಮುಂದೆ ಪ್ಯಾಟರ್ಸನ್ ನಗರದ ಆರೋಗ್ಯಾಧಿಕಾರಿಯಾಗಿ ದುಡಿದರು, ಆಮೇಲೆ ನೀರು ಸರಬರಾಜು ಕಂಪನಿಯ ಸಲಹೆಗಾರರಾದರು. ಆ ಕಂಪನಿ ಜರ್ಸಿ ಸಿಟಿಗೆ ಕೊಡುತ್ತಿದ್ದ ನೀರು ಶುದ್ಧವಿಲ್ಲ ಎಂದು ನಗರದವರು ಕೋರ್ಟಿಗೆ ಹೋಗಿದ್ದರು. ಒಳಚರಂಡಿ ಕಟ್ಟಿ, ಇಲ್ಲವೇ ಬೇರೆ ಉಪಾಯ ಮಾಡಿ ಎಂದಿತು ಕೋರ್ಟು. ಲೀಲ್ ಹುಡುಕಿದ ಉಪಾಯ ಬ್ಲೀಚಿಂಗ್ ಪೌಡರ್.

ಕುಡಿಯುವ ನೀರಿಗೆ ರಾಸಾಯನಿಕ ಅಂದ್ರೆ ಜನ ಬೆಚ್ಚಿಬೀಳುತ್ತಿದ್ದ ಕಾಲ ಅದು. ಲೀಲ್ ಸರ್ಕಾರದ ಅನುಮತಿಯನ್ನೂ ಕೇಳಲಿಲ್ಲ. ಇದು ಸರಿಯೋ ತಪ್ಪೋ ಅಂತ ನಮ್ಮೊಳಗೇ ವಾದ ಆಯ್ತು, ಇನ್ನೂ ಮುಗಿದಿಲ್ಲ. ಎಂಜಿನಿಯರ್ ಜಾರ್ಜ್ ಫುಲ್ಲರ್ 99 ದಿನಗಳಲ್ಲಿ ಘಟಕ ಕಟ್ಟಿಕೊಟ್ಟರು. 1908ರ ಸೆಪ್ಟೆಂಬರ್ 26ರಂದು ಬೂನ್ಟನ್ ಜಲಾಶಯದ ನೀರಿಗೆ ಕ್ಲೋರಿನ್ ಬೆರೆಯಿತು. ದಿನಕ್ಕೆ ಸುಮಾರು 15 ಕೋಟಿ ಲೀಟರ್ ನೀರು. ಪ್ರಮಾಣ ಮಾತ್ರ 1 ಪಿಪಿಎಂಗಿಂತಲೂ ಕಮ್ಮಿ. ಒಮ್ಮೆ ಸುರಿದು ಕೈತೊಳೆಯುವ ಕೆಲಸವಲ್ಲ. ಹರಿವು ನೋಡಿ ಹಗಲು ರಾತ್ರಿ ಅದೇ ಅಳತೆ ಕಾಯಬೇಕಿತ್ತು.

ಮತ್ತೆ ಕೋರ್ಟು. ಎದುರು ವಕೀಲರ ಪ್ರಶ್ನೆಗಳಿಗೆ ಲೀಲ್ ಜಗ್ಗಲಿಲ್ಲ. ಈ ನೀರನ್ನು ತಾವೂ ಕುಡಿಯುವುದಾಗಿ, ಮನೆಯವರಿಗೂ ಕೊಡುವುದಾಗಿ ಹೇಳಿದರು. 1910ರಲ್ಲಿ ತೀರ್ಪು ಅವರ ಕಡೆ ಬಂತು. ಊರೂರಿಗೆ ಕ್ಲೋರಿನ್ ಹಬ್ಬಿತು, ಟೈಫಾಯ್ಡ್ ಸಾವುಗಳು ಇಳಿದವು. ಅದೇ ಸುಮಾರಿಗೆ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಕ್ಲೋರಿನ್ ಬಂತು.

ಲೀಲ್ 1914ರಲ್ಲಿ, 55ನೇ ವಯಸ್ಸಿಗೇ ತೀರಿಹೋದರು. ಅವರ ಸಮಾಧಿಗೆ ಹೆಸರಿನ ಕಲ್ಲು ನಿಂತದ್ದು 2013ರಲ್ಲಿ.

ನಾವು ಆ ತೋಟದ ಕೊಳಕ್ಕೆ ಮತ್ತೆ ಹೋದ್ವಿ, ಈ ಸಲ ಲೆಕ್ಕ ಹಾಕಿಕೊಂಡು. ಈಜುಕೊಳದಲ್ಲಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇರಬೇಕು. 50,000 ಲೀಟರ್ ನೀರಲ್ಲಿ 1 ಪಿಪಿಎಂ ಏರಿಸಲು 50 ಗ್ರಾಂ ಕ್ಲೋರಿನ್ ಸಾಕು, ಅಂದ್ರೆ ಶೇ. 25ರ ಬ್ಲೀಚಿಂಗ್ ಪೌಡರ್ 200 ಗ್ರಾಂ. ನಮ್ಮ ಕಡೆ ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗ್ತದ, ಅದಕ್ಕೇ ಸಂಜೆ ಹಾಕಿ, ಬೆಳಿಗ್ಗೆ ಇಳಿಯೋ ಮೊದಲು ಅಳೆಯೋದು ಛಲೋ. ಆಸಿಡ್ ಜೊತೆ ಮಾತ್ರ ಎಂದೂ ಬೆರೆಸಬ್ಯಾಡ್ರಿ, ವಿಷದ ಗಾಳಿ ಏಳ್ತದ.

ಗೆಳೆಯನ ತಮ್ಮ ಈಗ ದಿನಾ ಕಿಟ್ ಹಿಡಿದು ಕೊಳದ ದಂಡೆಗೆ ಕೂಡ್ತಾನ. ಅವನಿಗೆ ನಾವು ಇಟ್ಟ ಹೆಸರು ಡಾಕ್ಟರ್ ಲೀಲ್.