ಫಲ ಕಾಣದ ಬಿತ್ತಗಾರ: ಅಬ್ಬೆ ದುಬ್ವಾ ಸ್ವಾಮಿಗಳ ಜೀವನ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದನ್ನು ಕಟ್ಟಿದವರನ್ನು ಕೃತಜ್ಞತೆಯಿಂದ ನೆನೆಯುವುದು ನಮ್ಮ ಸಂಪ್ರದಾಯ. ಆದರೆ ಗೋಡೆ ಏಳುವುದಕ್ಕೂ ಬಹುಕಾಲ ಮುಂಚೆ ಈ ನಾಡಿನ ನೆಲವನ್ನು ಹದಮಾಡಿ, ಬೀಜ ಬಿತ್ತಿ, ಫಲವನ್ನು ಕಾಣದೆಯೇ ಹೊರಟುಹೋದವರೂ ಇದ್ದಾರೆ. ಅಂಥವರಲ್ಲಿ ಅಗ್ರಗಣ್ಯರು ಅಬ್ಬೆ ದುಬ್ವಾ ಸ್ವಾಮಿಗಳು. ಇಂಗ್ಲಿಷ್ ಓದಿದವರು ಅವರನ್ನು ಅಬ್ಬೆ ಡುಬಾಯ್ಸ್ ಎಂದು ಬಲ್ಲರು. ಅಂದಿನ ಮೈಸೂರು ಸೀಮೆಯ ಜನ ಅವರನ್ನು ಕರೆಯುತ್ತಿದ್ದುದು ದೊಡ್ಡ ಸ್ವಾಮಿಯವರು ಎಂದು. ನಾಳೆ ಏನಾದೀತೆಂದು ತಿಳಿಯದ ಕಾಲದಲ್ಲಿ ದೇವರನ್ನು ನಂಬಿ ನಡೆಯುವುದೆಂದರೇನು ಎಂಬುದನ್ನು ಅವರ ಜೀವನದಿಂದ ಕಲಿಯಬಹುದು.

ಜಾನ್ ಆಂತ್ವಾನ್ ದುಬ್ವಾ ಅವರು 1766ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ಅರ್ದೆಶ್ ಸೀಮೆಯ ಸೇಂಟ್ ರೆಮೆಜ್ ಎಂಬ ಊರಿನಲ್ಲಿ ಜನಿಸಿದರು. ಅವರು ಗುರುದೀಕ್ಷೆಗೆ ಸಿದ್ಧರಾಗುತ್ತಿದ್ದ ದಿನಗಳಲ್ಲೇ, 1789ರಲ್ಲಿ, ಫ್ರೆಂಚ್ ಮಹಾಕ್ರಾಂತಿ ಸ್ಫೋಟಿಸಿತು. ಧರ್ಮಸಭೆಯ ಆಸ್ತಿಪಾಸ್ತಿಗಳು ಸರ್ಕಾರದ ಪಾಲಾದವು. ಗುರುಗಳೆಲ್ಲರೂ ಹೊಸ ಕಾನೂನಿಗೆ ಪ್ರತಿಜ್ಞೆ ಮಾಡಬೇಕೆಂಬ ಆಜ್ಞೆ ಹೊರಟಿತು. ಒಪ್ಪದವರಿಗೆ ಸೆರೆಮನೆ ಅಥವಾ ಗಡೀಪಾರು. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ನಗರದ ಸೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳು ಹತರಾದರು. ಅದೇ 1792ರಲ್ಲಿ ದುಬ್ವಾ ಅವರು ವಿವಿಯೆ ಧರ್ಮಪ್ರಾಂತದಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಘವನ್ನು ಸೇರಿ, ಜೂನ್ ತಿಂಗಳಲ್ಲಿ ಭಾರತದತ್ತ ಹಡಗು ಹತ್ತಿದರು. ಆಗ ಅವರ ವಯಸ್ಸು ಇಪ್ಪತ್ತಾರರ ಆಸುಪಾಸು.

ಪುದುಚೇರಿಯ ಧರ್ಮಕ್ಷೇತ್ರಕ್ಕೆ ಸೇರಿದ ಅವರು ಮೊದಲ ಕೆಲವು ವರ್ಷಗಳನ್ನು ತಮಿಳು ನಾಡಿನ ಹಳ್ಳಿಗಳಲ್ಲಿ ಕಳೆದರು. ಜನರ ಭಾಷೆಯನ್ನು ಕಲಿತರು, ಜನರ ಉಡುಪನ್ನೇ ತೊಟ್ಟರು, ಅವರ ಊಟವನ್ನೇ ಉಂಡರು. ಅಷ್ಟರಲ್ಲಿ ಸ್ವದೇಶದಿಂದ ಬರುತ್ತಿದ್ದ ವರ್ತಮಾನಗಳು ಒಂದಕ್ಕಿಂತ ಒಂದು ಕಠೋರವಾಗಿದ್ದವು. ಅವರನ್ನು ಕಳುಹಿಸಿದ್ದ ಪ್ಯಾರಿಸ್ಸಿನ ಗುರುಮಠವೇ ಮುಚ್ಚಿಹೋಯಿತು. ಅದು ಮತ್ತೆ ಬಾಗಿಲು ತೆರೆದದ್ದು 1815ರಲ್ಲಿ. ಅಲ್ಲಿಂದ ಹಣವಾಗಲಿ ಹೊಸ ಗುರುಗಳಾಗಲಿ ಬರುವ ಆಸೆ ಉಳಿಯಲಿಲ್ಲ. 1799ರ ಆಗಸ್ಟಿನಲ್ಲಿ ಜಗದ್ಗುರು ಆರನೆಯ ಭಕ್ತಿನಾಥರು, ಅಂದರೆ ಆರನೆಯ ಪಯಸ್, ದುಬ್ವಾ ಅವರ ಹುಟ್ಟೂರಿನಿಂದ ಬಹುದೂರವಿಲ್ಲದ ವಾಲೆನ್ಸ್ ನಗರದಲ್ಲಿ ಫ್ರೆಂಚರ ಬಂದಿಯಾಗಿಯೇ ಪ್ರಾಣಬಿಟ್ಟರು. ಪೇತ್ರರ ಪೀಠಕ್ಕೆ ಇದೇ ಕೊನೆಯೆಂದು ಯೂರೋಪಿನಲ್ಲಿ ಅನೇಕರು ಭಾವಿಸಿದರು. ಇಂಥ ಹೊತ್ತಿನಲ್ಲಿ ದೂರದ ಹಳ್ಳಿಯೊಂದರಲ್ಲಿ ಒಂಟಿಯಾಗಿ ಪೂಜೆ ಅರ್ಪಿಸುತ್ತಿದ್ದ ಯುವ ಗುರುವಿಗೆ ಆಸರೆಯಾಗಿ ಉಳಿದದ್ದಾದರೂ ಏನು? ಪ್ರತಿದಿನ ಜಪಿಸಬೇಕಾದ ಕೀರ್ತನೆಗಳು, ಪೂಜಾಪೀಠ, ಮತ್ತು ತನ್ನನ್ನು ನಂಬಿದ್ದ ಮಂದೆ, ಇಷ್ಟೇ.

ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನನು ಯುದ್ಧದಲ್ಲಿ ಮಡಿದನು. ಮೈಸೂರಿನಲ್ಲಿ ಕಥೋಲಿಕ ಧರ್ಮಕಾರ್ಯ ಹದಿನೇಳನೆಯ ಶತಮಾನದ ಮಧ್ಯದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳಿಂದ ಆರಂಭವಾಗಿತ್ತು. ಆದರೆ 1773ರಲ್ಲಿ ಯೇಸುಸಭೆಯೇ ರದ್ದಾದ ಮೇಲೆ ಗುರುಗಳು ವಿರಳರಾದರು. 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಗಿತ್ತು. ಅವರ ಸಂಖ್ಯೆಯ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಅವರು ಪಟ್ಟ ಕಷ್ಟದ ಬಗ್ಗೆ ಸಂದೇಹವಿಲ್ಲ. ಬಲವಂತಕ್ಕೆ ಸಿಕ್ಕಿ ಧರ್ಮ ತೊರೆದವರು, ಚದುರಿಹೋದ ಕುಟುಂಬಗಳು, ಹದಿನೈದು ವರ್ಷ ಗುರುಗಳನ್ನೇ ಕಾಣದ ಮಕ್ಕಳು, ಇದು ಅಂದಿನ ಸ್ಥಿತಿ. ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸಲಹೆಯ ಮೇರೆಗೆ ದುಬ್ವಾ ಅವರಿಗೆ ಕರೆ ಹೋಯಿತು. ಅವರು ಬಂದರು, ಬಿದ್ದವರನ್ನು ಎತ್ತಿದರು. ದಾರಿತಪ್ಪಿದ ಕುರಿಗಾಗಿ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕುರುಬನ ಸಾಮತಿಯನ್ನು ಅವರು ಬಾಳಿ ತೋರಿಸಿದರು.

ನಂಬಿಕೆಯೆಂದರೆ ಕೈಕಟ್ಟಿ ಕೂರುವುದೆಂದು ಅವರು ಎಂದೂ ತಿಳಿಯಲಿಲ್ಲ. ನೆಲೆಯಿಲ್ಲದ ಕ್ರೈಸ್ತರಿಗಾಗಿ ಹಾಸನ ಸೀಮೆಯ ಸಾತಹಳ್ಳಿ ಮುಂತಾದ ಕಡೆಗಳಲ್ಲಿ ಬೇಸಾಯದ ನೆಲೆಗಳನ್ನು ಕಲ್ಪಿಸಿದರು. ಸಿಡುಬು ಊರೂರುಗಳನ್ನೇ ಬರಿದು ಮಾಡುತ್ತಿದ್ದ ಕಾಲವದು. ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದ ದೇವಿ ಹಾಕುವ ವಿಧಾನ 1802ರಲ್ಲಿ ಭಾರತಕ್ಕೆ ಬಂದಾಗ, ಮೈಸೂರಿನಲ್ಲಿ ಅದನ್ನು ಹಬ್ಬಿಸಲು ದುಡಿದವರಲ್ಲಿ ಇವರು ಮೊದಲಿಗರು. ಜನರ ಭಯ ಮತ್ತು ವಿರೋಧಗಳ ನಡುವೆಯೇ ಸಾವಿರಾರು ಮಂದಿಗೆ ದೇವಿ ಹಾಕಿಸಿದರು.

ನಮ್ಮ ಊರಿನವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅದೇ 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬವನು ಊರಿಗಾಂ ಮತ್ತು ಮಾರಿಕುಪ್ಪಂ ಹಳ್ಳಿಗಳ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಮಾಡಿದನು. ಅವನೂ ಫ್ರೆಂಚ್ ನಂಟಿನ ಮನೆತನದವನು. ಕ್ರಾಂತಿಯ ಬಿರುಗಾಳಿಯೇ ಅವನನ್ನೂ ಈ ದೇಶಕ್ಕೆ ಹಾರಿಸಿ ತಂದಿತ್ತು. ಒಂದೇ ಬಿರುಗಾಳಿ ಇಬ್ಬರನ್ನು ಒಂದೇ ಸೀಮೆಗೆ ತಂದಿತು. ಒಬ್ಬನು ನೆಲದಡಿಯ ಚಿನ್ನದ ಸುಳಿವು ಕೊಟ್ಟನು. ಇನ್ನೊಬ್ಬರು ಮನುಷ್ಯರ ಆತ್ಮಗಳನ್ನು ಅರಸಿದರು.

ಈ ಓಡಾಟಗಳ ನಡುವೆ ಅವರು ಭಾರತೀಯರ ಆಚಾರ ವ್ಯವಹಾರಗಳ ಕುರಿತ ಬೃಹತ್ ಗ್ರಂಥವನ್ನು ಸಿದ್ಧಪಡಿಸಿದರು. ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಅದರ ಹಸ್ತಪ್ರತಿಯನ್ನು ಕೊಂಡುಕೊಂಡಿತು; 1816ರ ಹೊತ್ತಿಗೆ ಇಂಗ್ಲಿಷ್ ಅನುವಾದ ಹೊರಬಂದಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಕೂರ್ದು ಸ್ವಾಮಿಗಳ ಹಳೆಯ ಬರಹವೇ ಆಧಾರವೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಆ ಗ್ರಂಥದಲ್ಲಿ ನಾವಿಂದು ಒಪ್ಪಲಾಗದ ಕಟುವಾದ ಮಾತುಗಳೂ ಉಂಟು. ಸತ್ಯಕ್ಕೆ ಅಂಜಿ ಇದನ್ನು ಮರೆಮಾಚಬೇಕಾಗಿಲ್ಲ. ದೇವರು ಬಳಸಿಕೊಳ್ಳುವುದು ಕುಂದುಳ್ಳ ಪಾತ್ರೆಗಳನ್ನೇ.

ಅವರ ಜೀವನದ ಅತ್ಯಂತ ನೋವಿನ ಅಧ್ಯಾಯ ಇನ್ನು ಮುಂದಿನದು. ಮೂವತ್ತು ವರ್ಷ ದುಡಿದ ಮೇಲೆ ದುಬ್ವಾ ಅವರ ಮನಸ್ಸು ಬಳಲಿತು. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವರು, ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಕಾಲ ಕಳೆದುಹೋಯಿತು, ಇರುವ ಸಭೆಯೂ ಕ್ಷೀಣಿಸುತ್ತಿದೆ ಎಂಬ ತೀರ್ಮಾನವನ್ನು ಮುಂದಿಟ್ಟರು. ಪವಿತ್ರ ಗ್ರಂಥವನ್ನು ದೇಶಭಾಷೆಗಳಿಗೆ ಅವಸರದಿಂದ ಅನುವಾದಿಸಿ ಹಂಚುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚೆಂದು ವಾದಿಸಿದರು. ಪ್ರೊಟೆಸ್ಟೆಂಟ್ ಪಾದ್ರಿಗಳು ಇದಕ್ಕೆ ತೀವ್ರವಾದ ಉತ್ತರಗಳನ್ನು ಬರೆದರು. ಅದೇ ವರ್ಷದ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟು ಹೊರಟರು, ಮತ್ತೆ ಬರಲಿಲ್ಲ.

ಹಾಗಾದರೆ ಅವರು ನಂಬಿಕೆ ಕಳೆದುಕೊಂಡರೇ? ಅವರ ಮುಂದಿನ ಬಾಳನ್ನು ನೋಡಿದರೆ ಹಾಗೆನ್ನಲಾಗದು. ಪ್ಯಾರಿಸ್ಸಿನಲ್ಲಿ ಅವರು ಸುಖನಿವೃತ್ತಿಯನ್ನು ಅರಸಲಿಲ್ಲ. ಯಾವ ಗುರುಮಠ ತಮ್ಮನ್ನು ಕಳುಹಿಸಿತ್ತೋ ಅದನ್ನೇ ಸೇರಿ, ಪೂರ್ವದೇಶಗಳಿಗೆ ಹೋಗುವ ಯುವಕರನ್ನು ಸಿದ್ಧಗೊಳಿಸಿದರು. 1836ರಿಂದ 1839ರವರೆಗೆ ಅದರ ಶ್ರೇಷ್ಠರೂ ಆದರು. ಬೆಳೆ ಬಾರದೆಂದು ಬರೆದ ಕೈಯೇ ಬಿತ್ತುವವರನ್ನು ಕಳುಹಿಸುತ್ತಿತ್ತು. ಬುದ್ಧಿ ಸೋತಲ್ಲಿಯೂ ವಿಧೇಯತೆ ಸೋಲಲಿಲ್ಲ. 1848ರ ಫೆಬ್ರವರಿ 17ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. ಇನ್ನೊಂದು ವಾರದೊಳಗೆ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಎದ್ದು ರಾಜನು ಸಿಂಹಾಸನ ಬಿಟ್ಟನು.

ಅವರು ಕಾಣದೆ ಹೋದುದನ್ನು ನಾವು ಕಂಡಿದ್ದೇವೆ. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಗಿ, ಅದೇ ಸಂಘದ ಶಾರ್ಬೊನೊ ಸ್ವಾಮಿಗಳು ಅದರ ಮೊದಲ ಅಧ್ಯಕ್ಷರಾದರು, 1886ರಲ್ಲಿ ಧರ್ಮಪ್ರಾಂತವಾಯಿತು, 1940ರಲ್ಲಿ ಬೆಂಗಳೂರು ಪ್ರಾಂತ ಬೇರೆಯಾಯಿತು. 1880ರಿಂದ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ತೋಡತೊಡಗಿದಾಗ, ತಮಿಳು ಜಿಲ್ಲೆಗಳಿಂದ ಬಡವರು ಗುಂಪುಗುಂಪಾಗಿ ಬಂದು, ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಲ್ಲಿ ರೈಲಿಳಿದು ಗಣಿಯ ಲೈನುಗಳನ್ನು ಸೇರಿದರು. ಅವರಲ್ಲಿ ಅನೇಕರ ಕೊರಳಲ್ಲಿ ಜಪಸರವಿತ್ತು. ಆರಿಹೋದೀತೆಂದು ದುಬ್ವಾ ಸ್ವಾಮಿಗಳು ಅಂಜಿದ್ದ ದೀಪವನ್ನು ಆ ಬಡವರು ಇಲ್ಲಿಗೆ ಹೊತ್ತು ತಂದರು.

ಪವಿತ್ರ ಗ್ರಂಥದ ಬಗ್ಗೆ ಅವರಿಗಿದ್ದ ಅಳುಕನ್ನೂ ಕಾಲವೇ ತೀರಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೇವರ ವಾಕ್ಯವನ್ನು ಎಲ್ಲ ವಿಶ್ವಾಸಿಗಳಿಗೂ ಧಾರಾಳವಾಗಿ ತೆರೆದಿಡಬೇಕೆಂದು ವಿಧಿಸಿತು. ಇಂದು ಭಾನುವಾರದ ಪೂಜೆಯಲ್ಲಿ ಗಣಿ ಕಾರ್ಮಿಕನ ಮೊಮ್ಮಗಳು ವಾಚನಪೀಠದಲ್ಲಿ ನಿಂತು ತನ್ನ ಭಾಷೆಯಲ್ಲೇ ಪ್ರವಾದಿಗಳನ್ನು ಓದುತ್ತಾಳೆ.

ಆ ಪ್ರವಾದಿಗಳಲ್ಲಿ ಯೆರೆಮೀಯನೂ ಒಬ್ಬನು. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿತ್ತು, ಅವನು ಕಾವಲಿನಲ್ಲಿದ್ದನು. ಆಗಲೇ ಅವನು ಅನಾತೋತಿನ ಹೊಲವೊಂದನ್ನು ಹದಿನೇಳು ಬೆಳ್ಳಿ ನಾಣ್ಯ ತೂಗಿ ಕೊಂಡು, ಕ್ರಯಪತ್ರವನ್ನು ಮಣ್ಣಿನ ಮಡಕೆಯಲ್ಲಿ ಇರಿಸಿದನು. ಆ ಹೊಲವನ್ನು ತಾನು ಉಳುವೆನೆಂಬ ಭರವಸೆ ಅವನಿಗಿರಲಿಲ್ಲ. ಆ ನೆಲ ದೇವರ ಕೈಯಲ್ಲಿದೆಯೆಂಬ ಭರವಸೆಯಿತ್ತು. ಸಾತಹಳ್ಳಿಯ ಹೊಲಗಳಲ್ಲಿ ಜನರನ್ನು ನೆಲೆಗೊಳಿಸಿದ ದುಬ್ವಾ ಸ್ವಾಮಿಗಳು ಮಾಡಿದ್ದೂ ಅದನ್ನೇ.

ಪ್ರಿಯ ಕ್ರೈಸ್ತ ಬಾಂಧವರೇ, ನಮ್ಮ ಹಿರಿಯರು ಮೂರು ಕಿಲೋಮೀಟರಿಗೂ ಆಳದ ಕತ್ತಲೆಗೆ ಇಳಿಯುವ ಮುನ್ನ ಶಿಲುಬೆಯ ಗುರುತು ಹಾಕಿಕೊಂಡರು. ಬಂಡೆ ಸಿಡಿದು ಮರಳಿ ಬಾರದವರ ಮನೆಗಳಲ್ಲೂ ಸಂಜೆಯ ಜಪ ನಿಲ್ಲಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂದು ನಮ್ಮ ಮಕ್ಕಳು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮುಂದಿನ ನೂರು ವರ್ಷಗಳಲ್ಲಿ ಈ ಪೀಠದ ಮುಂದೆ ಮಂಡಿಯೂರುವವರು ಯಾರು ಎಂಬ ಚಿಂತೆ ಅನೇಕರನ್ನು ಕಾಡುತ್ತಿದೆ. ಆ ಲೆಕ್ಕವನ್ನು ದೊಡ್ಡ ಸ್ವಾಮಿಯವರೂ ತಪ್ಪಾಗಿಯೇ ಹಾಕಿದ್ದರು. ಅವರ ಲೆಕ್ಕ ತಪ್ಪಿತು, ಅವರ ಬಿತ್ತನೆ ತಪ್ಪಲಿಲ್ಲ. ನಮ್ಮ ಪಾಲಿನ ಹೊಲವನ್ನು ನಾವೂ ಬಿತ್ತೋಣ. ಮಳೆಯನ್ನೂ ಬೆಳೆಯನ್ನೂ ಕೊಡುವ ಸರ್ವೇಶ್ವರನು ಈ ಧರ್ಮಕೇಂದ್ರವನ್ನು ತನ್ನ ಕೈಯಲ್ಲಿ ಕಾಪಾಡಲಿ.