ಗಿಟಾರಿನ ಮೇಲೊಂದು ಹೆಸರು: ಚೆಟ್ ಆಟ್ಕಿನ್ಸ್

ಹೆಸರಾಂತ ಆಟಗಾರರ ಸಹಿ ಇರುವ ಕ್ರಿಕೆಟ್ ಬ್ಯಾಟನ್ನು ನೀವು ಅಂಗಡಿಗಳಲ್ಲಿ ನೋಡಿರುತ್ತೀರಿ. ಸಹಿ ಇದ್ದ ಮಾತ್ರಕ್ಕೆ ಬ್ಯಾಟು ಒಳ್ಳೆಯದಾಗುತ್ತದೆಯೇ? ಎಲೆಕ್ಟ್ರಿಕ್ ಗಿಟಾರುಗಳಲ್ಲೂ ಹೀಗೆ ವಾದಕರ ಹೆಸರಿನಲ್ಲಿ ಬರುವ ಸಿಗ್ನೇಚರ್ ಮಾಡೆಲ್‌ಗಳಿವೆ. ಅವುಗಳ ಬೆಲೆ ಹೆಸರಿನಲ್ಲಿದೆಯೋ ಗುಣದಲ್ಲಿದೆಯೋ ಎಂಬ ಪ್ರಶ್ನೆಗೆ ಅಮೆರಿಕದ ವಾದಕ ಚೆಟ್ ಆಟ್ಕಿನ್ಸ್ ಅವರ ಬದುಕು ಒಳ್ಳೆಯ ಉತ್ತರ ಕೊಡುತ್ತದೆ.

ಚೆಟ್ 1924ರ ಜೂನ್ 20ರಂದು ಟೆನೆಸ್ಸೀ ರಾಜ್ಯದ ಲಟ್ರೆಲ್ ಎಂಬ ಸಣ್ಣ ಊರಿನಲ್ಲಿ, ಬಡ ಕುಟುಂಬದಲ್ಲಿ ಹುಟ್ಟಿದರು. ಹಳೆಯ ಪಿಸ್ತೂಲೊಂದನ್ನು ಅಣ್ಣನಿಗೆ ಕೊಟ್ಟು, ಮೇಲೆ ಅವನ ಮನೆಗೆಲಸವನ್ನೂ ಮಾಡಿಕೊಟ್ಟು, ಅವನ ಗಿಟಾರನ್ನು ಪಡೆದುಕೊಂಡರು. ಬಾಲ್ಯದಿಂದಲೂ ಉಬ್ಬಸ ಕಾಡುತ್ತಿತ್ತು. ಮುಂದೆ ಜಾರ್ಜಿಯಾದಲ್ಲಿದ್ದ ತಂದೆಯ ಬಳಿಗೆ ಹೋಗಬೇಕಾಯಿತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ರಾತ್ರಿ ಕುರ್ಚಿಯಲ್ಲೇ ಕುಳಿತು, ನಿದ್ದೆ ಬರುವವರೆಗೆ ಗಿಟಾರ್ ನುಡಿಸುತ್ತಿದ್ದರು. ಶಾಲೆಯಲ್ಲಿ ಸದ್ದು ಚೆನ್ನಾಗಿ ಪ್ರತಿಧ್ವನಿಸುತ್ತದೆಂದು ಶೌಚಾಲಯವನ್ನೇ ಅಭ್ಯಾಸದ ಕೋಣೆ ಮಾಡಿಕೊಂಡಿದ್ದರು!

ಮರ್ಲ್ ಟ್ರಾವಿಸ್ ಎಂಬ ವಾದಕರನ್ನು ಅವರು ರೇಡಿಯೋದಲ್ಲಿ ಕೇಳಿದರು. ಟ್ರಾವಿಸ್ ನುಡಿಸುತ್ತಿದ್ದುದು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾತ್ರ. ನೋಡಿ ಕಲಿಯುವ ಅವಕಾಶವಿಲ್ಲದ ಚೆಟ್ ಕಿವಿಯನ್ನೇ ನಂಬಿ, ಹೆಬ್ಬೆರಳಿನ ಜೊತೆ ಇತರ ಬೆರಳುಗಳನ್ನೂ ಬಳಸಿದರು. ಹೆಬ್ಬೆರಳು ಮಂದ್ರ ಸ್ವರಗಳನ್ನು ನಡೆಸಿದರೆ ಉಳಿದ ಬೆರಳುಗಳು ರಾಗವನ್ನು ನುಡಿಸುತ್ತಿದ್ದವು. ತಪ್ಪು ಊಹೆಯಿಂದ ಹುಟ್ಟಿದ ಈ ಶೈಲಿಯೇ ಅವರ ಗುರುತಾಯಿತು. ಹಲವು ರೇಡಿಯೋ ಕೇಂದ್ರಗಳು ಅವರನ್ನು ಕೆಲಸದಿಂದ ತೆಗೆದುಹಾಕಿದರೂ ಅವರು ಎದೆಗುಂದಲಿಲ್ಲ. 1947ರಲ್ಲಿ ಆರ್‌ಸಿಎ ಧ್ವನಿಮುದ್ರಣ ಸಂಸ್ಥೆ ಅವರೊಡನೆ ಒಪ್ಪಂದ ಮಾಡಿಕೊಂಡಿತು.

ಆ ಹೊತ್ತಿಗೆ ಗಿಟಾರ್ ಕಂಪನಿಗಳ ನಡುವೆ ಪೈಪೋಟಿ ಆರಂಭವಾಗಿತ್ತು. 1952ರಲ್ಲಿ ಗಿಬ್ಸನ್ ಕಂಪನಿ ಲೆಸ್ ಪಾಲ್ ಅವರ ಹೆಸರಿನಲ್ಲಿ ಗಟ್ಟಿ ಮರದ ಗಿಟಾರನ್ನು ಹೊರತಂದಿತು. ಗ್ರೆಚ್ ಕಂಪನಿ 1954ರಲ್ಲಿ ಚೆಟ್ ಅವರನ್ನು ಒಪ್ಪಿಸಿ, ಟೊಳ್ಳು ಒಡಲಿನ 6120 ಮಾದರಿಯನ್ನು ಅವರ ಹೆಸರಿನಲ್ಲಿ ತಂದಿತು. ಮೊದಲ ಗಿಟಾರುಗಳ ಮೇಲೆ ದನದ ತಲೆ, ಪಾಪಾಸುಕಳ್ಳಿಯ ಚಿತ್ರಗಳಿದ್ದವು. ಈ ಅಲಂಕಾರ ಚೆಟ್ ಅವರಿಗೆ ಹಿಡಿಸಲಿಲ್ಲ. ಕ್ರಮೇಣ ಅದು ಮಾಯವಾಯಿತು. ಸ್ವರವನ್ನು ಅಲುಗಿಸುವ ಬಿಗ್ಸ್‌ಬಿ ಹಿಡಿಯನ್ನು ಮಾತ್ರ ಅವರೇ ಕೇಳಿ ಹಾಕಿಸಿಕೊಂಡಿದ್ದರು.

ಅಲಂಕಾರಕ್ಕಿಂತ ದೊಡ್ಡ ದೂರು ಪಿಕಪ್‌ಗಳದು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗವೇ ಪಿಕಪ್. ಅದರ ಬಲವಾದ ಆಯಸ್ಕಾಂತ ತಂತಿಯನ್ನು ಎಳೆದು, ಸ್ವರ ಬೇಗನೆ ಅಡಗುತ್ತಿತ್ತು. ರೇ ಬಟ್ಸ್ ಎಂಬ ತಂತ್ರಜ್ಞರು ಚೆಟ್ ಅವರಿಗಾಗಿ ಗುಂಯ್‌ಗುಡುವಿಕೆಯನ್ನೂ ತಡೆಯುವ ಹೊಸ ಪಿಕಪ್ ಮಾಡಿದರು. 1950ರ ದಶಕದ ಕೊನೆಗೆ ಗ್ರೆಚ್ ಅದನ್ನು ಫಿಲ್ಟರ್‌ಟ್ರಾನ್ ಹೆಸರಿನಲ್ಲಿ ಅಳವಡಿಸಿಕೊಂಡಿತು. ಇನ್ನೊಂದು ತೊಂದರೆಯೂ ಇತ್ತು. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕ್ ಕುಂಯ್ ಎನ್ನುವುದನ್ನು ಕೇಳಿದ್ದೀರಲ್ಲವೇ? ಸ್ಪೀಕರಿನ ಸದ್ದು ಟೊಳ್ಳಿಗೆ ನುಗ್ಗಿದರೆ ಗಿಟಾರೂ ಹಾಗೆಯೇ ಕಿರುಚುತ್ತದೆ. ಅದನ್ನು ತಗ್ಗಿಸಲು ಕಂಟ್ರಿ ಜಂಟಲ್‌ಮನ್ ಎಂಬ ಅವರ ಮತ್ತೊಂದು ಮಾದರಿಯಲ್ಲಿ ಮೇಲ್ಭಾಗದ ರಂಧ್ರಗಳನ್ನು ಮುಚ್ಚಲಾಯಿತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ಇದನ್ನು ಜಗತ್ತೇ ನೋಡಿತು.

1980ರ ಸುಮಾರಿಗೆ ಚೆಟ್ ಗ್ರೆಚ್ ಬಿಟ್ಟು ಗಿಬ್ಸನ್ ಕಡೆಗೆ ಬಂದರು. 1982ರಲ್ಲಿ ಬಂದ ಚೆಟ್ ಆಟ್ಕಿನ್ಸ್ ಸಿಇ ಮಾದರಿಗೆ ನೈಲಾನ್ ತಂತಿಗಳಿದ್ದವು. ನೈಲಾನನ್ನು ಆಯಸ್ಕಾಂತ ಗುರುತಿಸದ ಕಾರಣ, ಒತ್ತಡದಿಂದ ವಿದ್ಯುತ್ ಹುಟ್ಟಿಸುವ ಪೀಜೋ ಪಿಕಪ್ ಇಡಲಾಯಿತು. ಬೆರಳಿನಿಂದ ಮೆಲ್ಲಗೆ ನುಡಿಸುವವರಿಗೂ ದೊಡ್ಡ ಸಭಾಂಗಣದಲ್ಲಿ ಕೇಳಿಸುವ ನೈಲಾನ್ ಗಿಟಾರ್ ಸಿಕ್ಕಿತು.

ಲೆಸ್ ಪಾಲ್ ಮಾದರಿಯೊಡನೆ 6120 ಅನ್ನು ಹೋಲಿಸಿ ನೋಡಿ. ಮೊದಲನೆಯದು ತೂಕದ್ದು, ಅದರ ಸ್ವರ ದೀರ್ಘ. ಎರಡನೆಯದು ಟೊಳ್ಳು, ಅದರ ಸ್ವರ ತಿಳಿ. ಯಾವುದು ಮೇಲು ಎಂಬುದು ನುಡಿಸುವವರ ಅಗತ್ಯಕ್ಕೆ ಬಿಟ್ಟದ್ದು. ಅಂದ ಹಾಗೆ, ಈ ಇಬ್ಬರು ಪ್ರತಿಸ್ಪರ್ಧಿಗಳಾಗಿ ಉಳಿಯಲಿಲ್ಲ. 1976ರಲ್ಲಿ ಒಟ್ಟಿಗೆ ಧ್ವನಿಮುದ್ರಿಕೆ ತಂದು ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು.

ಚೆಟ್ 2001ರ ಜೂನ್ 30ರಂದು ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡರು. 2007ರಲ್ಲಿ ಅವರ ಹೆಸರು ಗ್ರೆಚ್ ಗಿಟಾರುಗಳಿಗೆ ಮರಳಿತು.

ವಿದ್ಯಾರ್ಥಿಗಳೇ, ಸಹಿ ಇರುವ ವಸ್ತುವಿಗೆ ಹೆಚ್ಚು ಹಣ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಹೆಸರಿನವರು ಇದರಲ್ಲಿ ಏನನ್ನು ಬದಲಾಯಿಸಿದರು? ಬರೀ ಬಣ್ಣವಾದರೆ ನೀವು ಹೆಸರನ್ನಷ್ಟೇ ಕೊಳ್ಳುತ್ತಿದ್ದೀರಿ. ತಂತಿ, ಮರ, ಪಿಕಪ್ ಬದಲಾಗಿದ್ದು ಆ ಅಗತ್ಯ ನಿಮಗೂ ಇದ್ದರೆ, ಕೊಟ್ಟ ಹಣ ಸಾರ್ಥಕ. ತನ್ನ ಹೆಸರು ಹೊತ್ತ ವಸ್ತುವಿನಲ್ಲಿ ಕೊರತೆ ಕಂಡಾಗ ಸುಮ್ಮನಿರದೆ ತಿದ್ದಿಸಿದ್ದೇ ಚೆಟ್ ಅವರ ದೊಡ್ಡತನ. ನಾಳೆ ನೀವು ಯಾವ ಕೆಲಸದ ಕೆಳಗೆ ಸಹಿ ಹಾಕಿದರೂ ಇದನ್ನು ನೆನಪಿಡಿ.